ದೀಪಾವಳಿ ಕಳೆದ ಮೇಲೆ ಆಲೂಗಡ್ಡೆ

ಹಾಸನದ ಕಡೆ ಆಲೂಗಡ್ಡೆ ಅಂದರೆ ಮುಂಗಾರಿನ ಬೆಳೆ. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರದಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಬಂದು ಇಳಿಯುತ್ತದೆ. ನನ್ನ ತವರೂ ಹಾಸನದ ಕಡೆಯೇ. ಆದರೆ ಮೈಸೂರಿನ ನಮ್ಮ ಹಿತ್ತಲಲ್ಲಿ ನಾನು ಆಲೂಗಡ್ಡೆ ಹಾಕುವುದು ದೀಪಾವಳಿ ಕಳೆದ ಮೇಲೆ.

ಮಳೆಗಾಲದ ಬೆಳೆಗೆ ಅಂಗಮಾರಿ ರೋಗದ ಭಯ. ಮೋಡ, ಜಿಟಿಜಿಟಿ ಮಳೆ, ತಂಪು ಮೂರೂ ಸೇರಿದರೆ ಸಾಕು. ಎಲೆಯ ಅಂಚಲ್ಲಿ ನೆನೆದಂಥ ಮಚ್ಚೆ ಕಾಣಿಸಿ, ಆಮೇಲೆ ಕಪ್ಪಾಗುತ್ತದೆ. ಬೆಳಿಗ್ಗೆ ಎಲೆ ಮಗುಚಿದರೆ ಅಡಿಯಲ್ಲಿ ಬಿಳಿ ಬೂಷ್ಟು. ಕೆಲವೇ ದಿನಗಳಲ್ಲಿ ಹೊಲವೆಲ್ಲ ಕರಟಿಹೋಗುತ್ತದೆ. 1845ರಲ್ಲಿ ಐರ್ಲೆಂಡಿನ ಜನರನ್ನು ಹಸಿವಿಗೆ ತಳ್ಳಿದ್ದೂ ಇದೇ ರೋಗ. ಮೋಡ ಮುಚ್ಚಿಕೊಂಡಾಗ ಅಪ್ಪ ನಿದ್ದೆಗೆಡುತ್ತಿದ್ದದ್ದು ನೋಡಿ ಬೆಳೆದವಳು ನಾನು. ಮನೆಗೆ ತಿನ್ನಲು ಬೆಳೆಯುವಾಗ ವಾರವಾರ ಔಷಧಿ ಹೊಡೆಯುವುದು ನನಗೆ ಬೇಡ.

ಇನ್ನೊಂದು ಕಾರಣವೂ ಇದೆ. ಗಡ್ಡೆ ಕಟ್ಟಲು ರಾತ್ರಿ ತಂಪಿರಬೇಕು, 20 ಡಿಗ್ರಿಗಿಂತ ಕೆಳಗಿದ್ದರೆ ಒಳ್ಳೆಯದು. ಸೆಕೆಯಲ್ಲಿ ಗಿಡ ಸೊಂಪಾಗಿ ಬರುತ್ತದೆ, ಕೆಳಗೆ ಗಡ್ಡೆ ಇರುವುದಿಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಬಿತ್ತನೆಗೆ ನಾನು ತರುವುದು ಕುಫ್ರಿ ಜ್ಯೋತಿ ಅನ್ನುವ ತಳಿ. ಮೊಳಕೆ ಬಂದ ಗಡ್ಡೆಯನ್ನು ಹೋಳಿಗೆ ಎರಡು ಕಣ್ಣಾದರೂ ಇರುವ ಹಾಗೆ ಕತ್ತರಿಸಿ, ಬೂದಿ ಸವರಿ, ನೆರಳಲ್ಲಿ ಆರಲು ಬಿಡುತ್ತೇನೆ. ಕೊಟ್ಟಿಗೆ ಗೊಬ್ಬರ ಬೆರೆಸಿದ ಸಡಿಲ ಮಣ್ಣು ಸಾಕು.

ಮುಖ್ಯ ಕೆಲಸ ಇರುವುದು ಮಣ್ಣು ಏರಿಸುವುದರಲ್ಲಿ. ಗಡ್ಡೆ ಬೇರಲ್ಲಿ ಬಿಡುವುದಲ್ಲ. ಮಣ್ಣೊಳಗಿನ ಕಾಂಡದಿಂದ ಅಡ್ಡಕ್ಕೆ ಬಿಳಿ ಕುಡಿ ಹೊರಡುತ್ತದೆ, ಅದರ ತುದಿ ಊದಿಕೊಂಡು ಗಡ್ಡೆಯಾಗುತ್ತದೆ. ಆ ಕುಡಿಗೆ ಬೆಳಕು ಸಿಕ್ಕರೆ ಅದು ಗಡ್ಡೆಯಾಗದೆ ಎಲೆ ಬಿಟ್ಟು ಮೇಲೆದ್ದುಬಿಡುತ್ತದೆ. ಬಲಿತ ಗಡ್ಡೆಗೆ ಬಿಸಿಲು ತಾಗಿದರೆ ಹಸಿರಾಗುತ್ತದೆ. ಅಂಥದ್ದರಲ್ಲಿ ಸೋಲನೈನ್ ಅನ್ನುವ ವಿಷ ಜಾಸ್ತಿ, ತಿನ್ನಲೇಬಾರದು. ಅದಕ್ಕೇ ಗಿಡ ಗೇಣುದ್ದ ಆದಾಗ ಒಮ್ಮೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಬುಡಕ್ಕೆ ಮಣ್ಣು ಎಳೆಯುತ್ತೇನೆ. ಮಧ್ಯೆ ನೀರು ಹಾಕುವಾಗ ಏರು ಜರಿದಿದ್ದರೆ ಕೈಯಲ್ಲೇ ಮುಚ್ಚಿಬಿಡುತ್ತೇನೆ.

ಸಂಕ್ರಾಂತಿ ಹೊತ್ತಿಗೆ ನನಗೆ ತಡೆಯಲಾಗುವುದಿಲ್ಲ. ಬುಡದ ಪಕ್ಕ ಬೆರಳು ತೂರಿಸಿ, ಗೋಲಿ ಗಾತ್ರದ ಒಂದೆರಡು ತೆಗೆದು ನೋಡುತ್ತೇನೆ. ಹೆಬ್ಬೆರಳಲ್ಲಿ ತಿಕ್ಕಿದರೆ ಸಿಪ್ಪೆ ತೆಳ್ಳಗೆ ಸುಲಿದು ಬರುತ್ತದೆ.

"ಇನ್ನೂ ಸಿಪ್ಪೆ ಬಲಿತಿಲ್ಲ, ಬಿಡಮ್ಮ" ಅನ್ನುತ್ತಾರೆ ಅತ್ತೆ.

ಅವರು ಹೇಳುವುದು ಸರಿ. ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ, ಗಿಡವನ್ನು ಬುಡಕ್ಕೆ ಕೊಯ್ದು, ಹತ್ತು ದಿನ ಹಾಗೇ ಬಿಟ್ಟರೆ ಸಿಪ್ಪೆ ಬಲಿಯುತ್ತದೆ. ಆಗ ಕಿತ್ತದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ. ತೊಳೆಯದೆ, ಗೋಣಿಚೀಲ ಹಾಸಿ ಕತ್ತಲೆ ಮೂಲೆಯಲ್ಲಿ ಹರವುತ್ತೇನೆ. ಗುದ್ದಲಿ ತಾಗಿದ್ದು ಅವತ್ತೇ ಪಲ್ಯಕ್ಕೆ. ಮುಂದಿನ ದೀಪಾವಳಿವರೆಗೆ ಬೀಜ ಇಟ್ಟುಕೊಳ್ಳುವುದು ನಮ್ಮ ಸೆಕೆಯಲ್ಲಿ ಆಗದ ಮಾತು, ಸೊರಗಿಹೋಗುತ್ತವೆ. ಬಿತ್ತನೆ ಗಡ್ಡೆ ಪ್ರತಿ ವರ್ಷ ಹೊಸದೇ ತರಬೇಕು.