ಮಂಡಿ ಸಾಹುಕಾರರ ಲ್ಯಾಪ್‌ಟಾಪ್ ಮತ್ತು ‘ಎಲ್ಲಾ ಬೇಕು’

ಡಿಸ್ಕ್ ಡಿಟೆಕ್ಟ್ ಆಗ್ತಿಲ್ಲ ಅಂತ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಡಿಸ್ಕ್ ಕೆಟ್ಟೇ ಇರುವುದಿಲ್ಲ. ಕೇಬಲ್ ಸಡಿಲ ಆಗಿರುತ್ತದೆ, ಕನೆಕ್ಟರ್‌ಗೆ ಕಿಲುಬು ಹಿಡಿದಿರುತ್ತದೆ, ಇಲ್ಲಾ ಮನೆಯ ಹುಡುಗರು ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗಿನ ಮೂಲ ಸೆಟ್ಟಿಂಗ್) ಕೈಯಾಡಿಸಿರುತ್ತಾರೆ. ಮಲೆನಾಡಿನ ಮಳೆಗಾಲದಲ್ಲಂತೂ ಇದು ಜಾಸ್ತಿ. ಬಿಚ್ಚಿ, ಐಪಿಎ (ಕ್ಲೀನ್ ಮಾಡುವ ಆಲ್ಕೋಹಾಲ್) ಹಾಕಿ ಒರೆಸಿ, ವಾಪಸ್ ಸಿಕ್ಕಿಸಿದರೆ ಕೆಲಸ ಮುಗಿಯಿತು. ಗಿರಾಕಿಗೂ ಖುಷಿ, ಓನರ್‌ಗೂ ಖುಷಿ. ಈ ಸುಲಭದ ಕೇಸುಗಳೇ ನಮ್ಮ ಕೈ ಕೆಡಿಸುವುದು.

ಶಿವಮೊಗ್ಗದಲ್ಲಿ ಲ್ಯಾಪ್‌ಟಾಪ್ ಸರ್ವಿಸ್ ಅಂಗಡಿ ನಮ್ಮದು. ಅಂದರೆ ಓನರ್‌ದು, ನಾನು ಬೆಂಚಿನವನು. ಜುಲೈನಲ್ಲಿ ಎಪಿಎಂಸಿಯ ಅಡಿಕೆ ಮಂಡಿ ಸಾಹುಕಾರರೊಬ್ಬರು ಬಂದರು. ಹಳೆಯ ಲ್ಯಾಪ್‌ಟಾಪ್, 1 ಟಿಬಿ ಹಾರ್ಡ್‌ಡಿಸ್ಕ್ ಒಂದೇ, ಎಸ್‌ಎಸ್‌ಡಿ ಇಲ್ಲ. ಆನ್ ಮಾಡಿದರೆ ಕಪ್ಪು ಸ್ಕ್ರೀನಿನಲ್ಲಿ ‘ನೋ ಬೂಟ್ ಡಿವೈಸ್’. ಬಯೋಸ್‌ನಲ್ಲಿ ಡಿಸ್ಕಿನ ಹೆಸರೇ ಇಲ್ಲ. 20ನೇ ತಾರೀಕಿನೊಳಗೆ ಜಿಎಸ್‌ಟಿಯ 3ಬಿ ರಿಟರ್ನ್ ಹಾಕಬೇಕು, ಟ್ಯಾಲಿ ಲೆಕ್ಕ ಎಲ್ಲಾ ಅದರಲ್ಲೇ ಇದೆ ಅಂತ ಅವರ ಗಡಿಬಿಡಿ.

“ಯಾವ ಫೈಲು ಮುಖ್ಯ ಸರ್?” ಅಂತ ಕೇಳಿದೆ.

“ಎಲ್ಲಾ ಬೇಕು ಮಾರಾಯ. ಒಂದು ಚೀಟಿನೂ ಹೋಗಬಾರದು.”

ಜಾಬ್ ಶೀಟ್‌ನಲ್ಲಿ ‘ಫುಲ್ ಡೇಟಾ’ ಅಂತ ಬರೆದೆ. ಸಹಿ ಹಾಕಿಸಿಕೊಂಡೆ.

ಹಿಂದಿನ ಕವರ್ ತೆಗೆದರೆ ಕಾರಣ ಕಣ್ಣಿಗೇ ಕಾಣಿಸಿತು. ಡಿಸ್ಕಿನಿಂದ ಬೋರ್ಡಿಗೆ ಹೋಗುವ ಪಟ್ಟಿ ಕೇಬಲ್ ಮೂಲೆಯಲ್ಲಿ ಮಡಚಿಕೊಂಡು, ಪಿನ್ನಿನ ಹತ್ತಿರ ಹಸಿರು ಬಂದಿತ್ತು. ಓನರ್ ದೂರದಿಂದಲೇ ನೋಡಿ, “ಕೇಬಲ್ ಹೋಗಿದೆ, ಹಾಕಿ ಕೊಡು” ಅಂದರು. ಅದೇ ಕೇಬಲ್ ಡ್ರಾಯರ್‌ನಲ್ಲಿತ್ತು. ಹಾಕಿದೆ. ಬಯೋಸ್‌ನಲ್ಲಿ ಡಿಸ್ಕ್ ಬಂತು. ಸಾಹುಕಾರರ ಮುಖ ಅರಳಿತು.

ಅಲ್ಲಿಗೆ ನಿಲ್ಲಿಸಿ, ಡಿಸ್ಕ್ ಹೊರಗೆ ತೆಗೆದು, ಬೆಂಚಿನ ಸಿಸ್ಟಮ್‌ಗೆ ಹಾಕಿ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ನೋಡಬೇಕಿತ್ತು. ಕೆಟ್ಟ ಕೇಬಲ್‌ನಲ್ಲಿ ಓಡಿದ ಡಿಸ್ಕಿಗೆ ಬರೆಯುವಾಗಲೇ ಕರೆಂಟ್ ಹೋಗಿ ಬಂದು ಆಗಿರುತ್ತದೆ. ಅದು ಗೊತ್ತಿದ್ದೂ ಎಫ್10 ಒತ್ತಿ ಬಯೋಸ್‌ನಿಂದ ಹೊರಬಂದು ಸೀದಾ ವಿಂಡೋಸ್‌ಗೆ ಬಿಟ್ಟೆ. ಡಿಸ್ಕ್ ಚೆಕ್ ಬೇಡ ಅಂದರೆ ಯಾವುದಾದರೂ ಕೀ ಒತ್ತಿ ಅಂತ ವಿಂಡೋಸ್ ಕೆಲವು ಸೆಕೆಂಡ್ ಕಾಯುತ್ತದೆ. ಆ ಹೊತ್ತಿನಲ್ಲಿ ನಾನು ಬೆಂಚಿನ ಕೆಳಗೆ ಬಿದ್ದ ಸ್ಕ್ರೂ ಹುಡುಕುತ್ತಿದ್ದೆ. ತಲೆ ಎತ್ತಿದರೆ ‘ಸ್ಕ್ಯಾನಿಂಗ್ ಆ್ಯಂಡ್ ರಿಪೇರಿಂಗ್ ಡ್ರೈವ್ ಡಿ’.

“ನೋಡಪ್ಪಾ, ಅದೇ ರಿಪೇರಿ ಮಾಡ್ಕೊಳ್ತಿದೆ” ಅಂದರು ಸಾಹುಕಾರರು.

11 ಪರ್ಸೆಂಟ್‌ಗೆ ಬಂದು ನಿಂತಿತು. ಡಿಸ್ಕಿನ ಲೈಟ್ ಮಿಣುಕುವುದು ಬಿಟ್ಟು ಸುಮ್ನೆ ಉರಿಯುತ್ತಿತ್ತು. ಕೀಬೋರ್ಡಿನ ಎಡಗಡೆ, ಅಂಗೈ ಇಡುವ ಜಾಗಕ್ಕೆ ಕಿವಿ ಇಟ್ಟೆ. ತಿರುಗುವ ಸದ್ದು ಸರಿಯಾಗಿತ್ತು. ಮಧ್ಯೆ ಮಧ್ಯೆ ಒಂದು ಟಕ್. ಸ್ವಲ್ಪ ಬಿಟ್ಟು ಎರಡು. ಹೆಡ್ ಓದಲು ಆಗದೆ ಹಿಂದಕ್ಕೆ ಹೋಗಿ ಮತ್ತೆ ಬರುವ ಸದ್ದು ಅದು.

ಈಗ ಏನು ಮಾಡುವುದು? ಮಧ್ಯದಲ್ಲಿ ಪವರ್ ತೆಗೆದರೆ ಫೈಲ್ ಸಿಸ್ಟಮ್ (ಯಾವ ಫೈಲು ಎಲ್ಲಿದೆ ಅನ್ನುವ ಲೆಕ್ಕ) ಅರ್ಧಂಬರ್ಧ ಆಗಬಹುದು. ಬಿಟ್ಟರೆ ಅದಕ್ಕಿಂತ ಕಷ್ಟ. ವಿಂಡೋಸ್‌ನ ಈ ರಿಪೇರಿಗೆ, ಅಂದರೆ ಚೆಕ್‌ಡಿಸ್ಕ್‌ಗೆ, ನಿಮ್ಮ ಫೈಲ್ ಉಳಿಯುವುದು ಮುಖ್ಯ ಅಲ್ಲ, ಅದರ ಲೆಕ್ಕ ಸರಿ ಹೊಂದಬೇಕು ಅಷ್ಟೇ. ಓದಲು ಬಾರದ ಎಂಟ್ರಿಗಳನ್ನು ಕಿತ್ತು ಹಾಕುತ್ತದೆ. ಉಳಿದ ಚೂರುಗಳನ್ನು ಫೌಂಡ್.000 ಅನ್ನುವ ಫೋಲ್ಡರ್‌ಗೆ ತುಂಬುತ್ತದೆ. ಅದೂ ಸಾಯುತ್ತಿರುವ ಡಿಸ್ಕಿನ ಮೇಲೇ ಬರೆಯುತ್ತಾ. ಓನರ್ “ಆಗ್ತಿದೆಯಲ್ಲ, ಬಿಡು” ಅಂದರು. ಗಿರಾಕಿ ಎದುರು ಏನು ಹೇಳಲಿ? 12 ಆಯಿತು. ಮತ್ತೆ ಟಕ್, ಈ ಸಲ ಬಿಡದೆ. ಪವರ್ ಬಟನ್ ಒತ್ತಿ ಹಿಡಿದೆ. ಅದು ಆಫ್ ಆಗುವಷ್ಟು ಹೊತ್ತು ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ.

“ರಿಪೇರಿ ಆಗ್ತಿತ್ತಲ್ಲ, ಯಾಕೆ ಆಫ್ ಮಾಡಿದೆ?” ಅಂತ ಸಾಹುಕಾರರು ಕೇಳಿದರು. ಅವರಿಗೆ ಅರ್ಥ ಮಾಡಿಸುವುದು ಡಿಸ್ಕಿಗಿಂತ ಕಷ್ಟ ಆಯಿತು. ಫ್ರಿಜ್ಜಿನಲ್ಲಿ ಇಟ್ಟರೆ ಸರಿ ಹೋಗುತ್ತಂತೆ ಹೌದಾ ಅಂತಲೂ ಕೇಳಿದರು. ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಡಿಸ್ಕಿನ ಮೇಲೆ ನೀರು ಕೂರುತ್ತದೆ ಸರ್ ಅಂತ ಹೇಳಿ ಕಳಿಸಿದೆ.

ಬೆಂಚಿನಲ್ಲಿ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸ್ಮಾರ್ಟ್ ನೋಡಿದರೆ, 197ನೇ ನಂಬರಿನ ಎದುರು ಸೊನ್ನೆ ಇರಬೇಕಾದ ಕಡೆ ನಾಲ್ಕಂಕಿ. ಪೆಂಡಿಂಗ್ ಸೆಕ್ಟರ್, ಅಂದರೆ ಡಿಸ್ಕಿಗೆ ಓದಲು ಬಾರದೆ ಬಾಕಿ ಉಳಿದ ತುಣುಕುಗಳು. ಇನ್ನು ಕೆಟ್ಟ ಡಿಸ್ಕನ್ನು ಕಾಪಿ ಮಾಡುವ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಒಂದೇ ದಾರಿ. ಅದರ ಗುಣ ಏನೆಂದರೆ ಕೆಟ್ಟ ಜಾಗ ಬಂದರೆ ಹಟ ಹಿಡಿದು ಕೂರುವುದಿಲ್ಲ. ಅದನ್ನು ಹಾರಿಸಿ ಮೊದಲು ಚೆನ್ನಾಗಿರುವುದನ್ನು ಎತ್ತಿಕೊಳ್ಳುತ್ತದೆ. ಎಲ್ಲಿ ಓದಿಯಾಯಿತು, ಎಲ್ಲಿ ಬಾಕಿ ಅಂತ ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟ್ ಹೋದರೂ ಅಲ್ಲಿಂದಲೇ ಶುರು ಮಾಡಬಹುದು. ನಮ್ಮೂರಿನ ಮಳೆಗಾಲಕ್ಕೆ ಇದೇ ದೊಡ್ಡ ಉಪಕಾರ.

ಆದರೆ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚು) ತೆಗೆಯಲು 1 ಟಿಬಿಗಿಂತ ದೊಡ್ಡ ಖಾಲಿ ಡಿಸ್ಕ್ ಬೇಕಲ್ವಾ? ಡೇಟಾ ರಿಕವರಿ ಮಾಡಿಕೊಡುತ್ತೇವೆ ಅಂತ ದೊಡ್ಡ ಬೋರ್ಡ್ ಹಾಕಿರುವ ಅಂಗಡಿಯಲ್ಲಿ ಅದು ಇಲ್ಲ. ಕೊನೆಗೆ ನಮ್ಮದೇ ಸಿಸಿಟಿವಿಯ ಡಿವಿಆರ್ ಬಿಚ್ಚಿ ಅದರ 2 ಟಿಬಿ ಡಿಸ್ಕ್ ತೆಗೆದೆ. ನಮ್ಮ ಯುಎಸ್‌ಬಿ ಡಾಕ್‌ನದ್ದು (ಡಿಸ್ಕನ್ನು ಹೊರಗಿನಿಂದ ಸಿಕ್ಕಿಸುವ ಪೆಟ್ಟಿಗೆ) ಬೇರೆ ತೊಂದರೆ. ಓದಲು ಬಾರದ ಸೆಕ್ಟರ್ ಸಿಕ್ಕ ಕೂಡಲೇ ಅದು ತಾನೇ ರೀಸೆಟ್ ಆಗಿ ಡಿಸ್ಕನ್ನೇ ಬಿಟ್ಟುಬಿಡುತ್ತದೆ. ಇಂಥ ಕೆಲಸಕ್ಕೆ ಮದರ್‌ಬೋರ್ಡಿನ ಸಾಟಾ ಪೋರ್ಟಿಗೇ ಸೀದಾ ಹಾಕಬೇಕು. ಬೆಂಚಿನ ಸಿಸ್ಟಮ್‌ನಲ್ಲಿ ಎರಡೇ ಪೋರ್ಟ್ ಕೆಲಸ ಮಾಡುತ್ತವೆ. ಪೋರ್ಟ್ ಹೆಚ್ಚಿಸುವ ಒಂದು ಕಾರ್ಡ್ ತರಿಸಿ ಅಂತ ಓನರ್‌ಗೆ ಹೇಳಿ ಹೇಳಿ ನನಗೇ ನಾಚಿಕೆ ಆಗಿದೆ.

ಶುರುವಿಗೆ ಸೆಕೆಂಡಿಗೆ 90 ಎಂಬಿ ಮೇಲೆ ಓಡಿತು. ಆಮೇಲೆ ಕೆಬಿ ಲೆಕ್ಕಕ್ಕೆ ಇಳಿಯಿತು. ಓನರ್ ಹೋಗುವಾಗ ಬರುವಾಗ ಇಣುಕಿ, “ವಿಂಡೋಸ್‌ಗೆ ಹಾಕಿ ಕಾಪಿ ಪೇಸ್ಟ್ ಹೊಡಿಯೋ” ಅನ್ನುತ್ತಿದ್ದರು. ಇಡೀ ಡಿಸ್ಕ್ ಓದುವ ತನಕ ಹೆಡ್ ಇರುತ್ತದೆ ಅನ್ನುವ ನಂಬಿಕೆ ನನಗೂ ಇರಲಿಲ್ಲ. ‘ಫುಲ್ ಡೇಟಾ’ ಅಂತ ಬರೆದುಕೊಂಡಿದ್ದೇನೆ, ಮಾಡಬೇಕು.

ಆಗ ಮಂಡಿಯ ಲೆಕ್ಕ ನೋಡಿಕೊಳ್ಳುವ ಮೇಡಂ ಬಂದರು. ಬಂದವರೇ, “ಅಣ್ಣ, ನನಗೆ ಟ್ಯಾಲಿ ಡೇಟಾದ ಒಂದು ಫೋಲ್ಡರ್ ಸಾಕು. ಡಿಯಲ್ಲಿದೆ. 10002 ಅಂತ ನಂಬರ್ ಇರುತ್ತೆ, ಅಷ್ಟೇ” ಅಂದರು. 3ಬಿ ತಡ ಆದರೆ ಲೇಟ್ ಫೀ ದಿನಕ್ಕೆ 50 ರೂಪಾಯಿ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ, ಎರಡು ದಿನಕ್ಕೆ ಏನೂ ಮುಳುಗಿ ಹೋಗಲ್ಲ ಅಂತ ಅವರೇ ಸಮಾಧಾನ ಹೇಳಿದರು. ಇವರನ್ನು ಮೊದಲ ದಿನವೇ ಕರೆಸಿದ್ದರೆ ಆಗುತ್ತಿತ್ತು.

ಸಂಜೆ ಸಾಹುಕಾರರು ಒಬ್ಬರೇ ಬಂದರು. ಬಾಗಿಲ ಹತ್ತಿರ ನಿಂತು ಮೆಲ್ಲಗೆ, “ಡೆಸ್ಕ್‌ಟಾಪ್ ಮೇಲೆ ‘ಹೊಸದು 2’ ಅಂತ ಒಂದು ಎಕ್ಸೆಲ್ ಇದೆ. ರೈತರಿಗೆ ಕೊಟ್ಟ ಮುಂಗಡದ ಲೆಕ್ಕ. ಅದೊಂದು ಸಿಕ್ಕರೆ ಸಾಕು” ಅಂದರು. ಅವರ ‘ಎಲ್ಲಾ’ ಅಂದರೆ ಇದು. ಎಲ್ಲರ ಎದುರಿಗೆ ಹೇಳಲು ಆಗಿರಲಿಲ್ಲ, ಅಷ್ಟೇ.

ಹೆಸರು ಸಿಕ್ಕ ಮೇಲೆ ಕೆಲಸದ ದಾರಿಯೇ ಬೇರೆ. ಎಂಎಫ್‌ಟಿ (ವಿಂಡೋಸ್ ಡಿಸ್ಕಿನಲ್ಲಿ ಇಡುವ ಫೈಲುಗಳ ಪಟ್ಟಿ) ಅಷ್ಟರಲ್ಲಿ ಇಮೇಜ್‌ಗೆ ಬಂದಿತ್ತು. ಡಿಎಂಡಿಇ ಅನ್ನುವ ರಿಕವರಿ ಸಾಫ್ಟ್‌ವೇರ್‌ನಲ್ಲಿ ಇಮೇಜ್ ತೆರೆದರೆ ಫೋಲ್ಡರ್‌ಗಳೆಲ್ಲಾ ಕಂಡವು. ಆ ಫೈಲುಗಳು ಯಾವ ಕ್ಲಸ್ಟರ್‌ನಲ್ಲಿವೆ (ಇದರಲ್ಲಿ 8 ಸೆಕ್ಟರ್ ಸೇರಿ ಒಂದು ಕ್ಲಸ್ಟರ್) ಅಂತ ನೋಡಿ, 8ರಿಂದ ಗುಣಿಸಿ, ಪಾರ್ಟಿಷನ್ ಶುರುವಾಗುವ ಸೆಕ್ಟರ್ ಕೂಡಿಸಿದೆ. ಡಿಡಿರೆಸ್ಕ್ಯೂಗೆ ಅಷ್ಟೇ ಜಾಗ ಓದು ಅಂತ ಕೊಟ್ಟೆ. ಟ್ಯಾಲಿ ಫೋಲ್ಡರ್ ಪೂರ್ತಿ ಬಂತು. ಮೇಡಂ ತಮ್ಮ ಸಿಸ್ಟಮ್‌ನಲ್ಲಿ ತೆರೆದು ಜೂನ್ ತನಕ ಎಲ್ಲಾ ಇದೆ ಅಂದರು.

ಎಕ್ಸೆಲ್ ಮಾತ್ರ ಕೈಕೊಟ್ಟಿತು. ಹೆಸರು ಸರಿ, ಸೈಜ್ ಸರಿ, ಮಧ್ಯದಲ್ಲಿ ಒಂದು ತುಂಡು ಪೂರ್ತಿ ಸೊನ್ನೆ. ಈ ಎಕ್ಸೆಲ್ ಫೈಲ್ ಒಳಗೆ ಜಿಪ್ ತಾನೇ, ಒಂದು ತುಂಡು ಹೋದರೆ ಉಳಿದದ್ದೂ ಬಿಚ್ಚಿಕೊಳ್ಳದೆ ಹೋಗಬಹುದು. ಹಿಂದಿನಿಂದ ಮುಂದಕ್ಕೆ ಓದಿಸಿದೆ. ಡಿಸ್ಕ್ ತಣ್ಣಗಾಗಲು ಬಿಟ್ಟು ಮತ್ತೆ ಓದಿಸಿದೆ. ಬರಲಿಲ್ಲ. ಡೌನ್‌ಲೋಡ್ಸ್‌ನಲ್ಲಿ ಅದರದ್ದೇ ಹಳೆ ಕಾಪಿ ಸಿಕ್ಕಿತು, ಏಪ್ರಿಲ್‌ದು. ಆಮೇಲಿನ ಮುಂಗಡಗಳನ್ನು ಚೀಟಿ ನೋಡಿ ಬರೆದುಕೊಂಡರಂತೆ. ಆ ತುಂಡು ಮೊದಲಿನಿಂದಲೇ ಸತ್ತಿತ್ತೋ, ನಾನು ವಿಂಡೋಸ್‌ಗೆ ಬಿಟ್ಟ ಆ ನಿಮಿಷಗಳಲ್ಲಿ ಹೋಯಿತೋ, ಹೇಳಲು ಬರುವುದಿಲ್ಲ. ಬಿಲ್ ಕೊಡುವಾಗ ಸಾಹುಕಾರರು ನಮ್ಮ ಬೋರ್ಡಿನ ‘ಡೇಟಾ ಬರದಿದ್ದರೆ ಚಾರ್ಜ್ ಇಲ್ಲ’ ಅನ್ನುವ ಸಾಲು ತೋರಿಸಿದರು. ಓನರ್ ಅರ್ಧ ಬಿಟ್ಟರು. ಡಿವಿಆರ್ ಡಿಸ್ಕ್ ಫಾರ್ಮ್ಯಾಟ್ ಮಾಡಿದ್ದಕ್ಕೆ ನನ್ನ ಮೇಲೆ ರೇಗಿದ್ದು ಬೇರೆ.

ಇದು ಹಾರ್ಡ್‌ಡಿಸ್ಕ್, ಸದ್ದಾದರೂ ಮಾಡಿತು. ಈಗ ಬರುವ ಎನ್‌ವಿಎಂಇ ಎಸ್‌ಎಸ್‌ಡಿಗಳು ಸದ್ದಿಲ್ಲದೆ ಹೋಗುತ್ತವೆ. ಕೆಲವು ಹೋಗಿಯೇ ಇರುವುದಿಲ್ಲ. ಇಂಟೆಲ್ 11ನೇ ಜನರೇಷನ್‌ನಿಂದ ಈಚೆಗೆ ಬಯೋಸ್‌ನಲ್ಲಿ ವಿಎಂಡಿ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ, ವಿಂಡೋಸ್ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದೆ ಇರಬಹುದು. ಐಆರ್‌ಎಸ್‌ಟಿ ಅನ್ನುವ ಇಂಟೆಲ್‌ನ ಡ್ರೈವರ್ ಲೋಡ್ ಮಾಡಿದರೆ ಬರುತ್ತದೆ. ಅದು ಗೊತ್ತಿಲ್ಲದೆ ಬಯೋಸ್ ರೀಸೆಟ್ ಹೊಡೆದರೆ, ಒಳಗೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ, 48 ಅಂಕಿಯ ಕೀ ಕೇಳಿಕೊಂಡು ಕೂರುತ್ತದೆ. ಕೀ ಯಾವ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿದೆ ಅಂತ ಗಿರಾಕಿಗೆ ನೆನಪಿರುವುದಿಲ್ಲ. ಡಿಸ್ಕ್ ಚೆನ್ನಾಗಿದ್ದೂ ಡೇಟಾ ಇಲ್ಲ.

ಜಾಬ್ ಶೀಟ್‌ನಲ್ಲಿ ‘ಮೊದಲು ಬೇಕಾದ ಮೂರು ಫೈಲು’ ಅಂತ ಒಂದು ಕಾಲಂ ಹಾಕಿಸಿ, ಅದನ್ನು ಗಿರಾಕಿಯನ್ನು ಪಕ್ಕಕ್ಕೆ ಕರೆದು ಕೇಳೋಣ ಅಂತ ಓನರ್‌ಗೆ ಹೇಳಿದೆ. ಒಪ್ಪಿದ್ದಾರೆ. ಈಗಿರುವ ಜಾಬ್ ಶೀಟ್ ಪುಸ್ತಕಗಳು ಮುಗಿದ ಮೇಲೆ ಪ್ರಿಂಟ್ ಮಾಡಿಸುತ್ತಾರಂತೆ. ಇನ್ನೂ ಒಂದು ರಟ್ಟಿನ ಡಬ್ಬ ಪೂರ್ತಿ ಇದೆ. ಅಲ್ಲಿಯವರೆಗೆ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.