ಐಹೊಳೆಯಿಂದ ಶುರು ಮಾಡಿ: ಬಾದಾಮಿ ಸುತ್ತ ಎರಡು ದಿನ

ಬಾದಾಮಿಗೆ ಬರುವವರಲ್ಲಿ ಹೆಚ್ಚಿನವರು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸುತ್ತಾರೆ. ಬೆಳಿಗ್ಗೆ ಗುಹೆ, ಉರಿಬಿಸಿಲಿಗೆ ಪಟ್ಟದಕಲ್ಲು, ಕಾಲು ಸೋತ ಮೇಲೆ ಐಹೊಳೆ. ಇದರಿಂದ ಐಹೊಳೆಗೆ ತುಂಬಾ ಅನ್ಯಾಯವಾಗುತ್ತದೆ. ನನ್ನ ಮಾತು ಕೇಳಿದರೆ ಬಾದಾಮಿಯಲ್ಲಿ ಎರಡು ರಾತ್ರಿ ಉಳಿಯಿರಿ. ಮೊದಲ ದಿನ ನಸುಕಿನಲ್ಲೇ ಹೊರಟು ನೇರ ಐಹೊಳೆಗೆ ಹೋಗಿ, ಬರುವಾಗ ಪಟ್ಟದಕಲ್ಲು ನೋಡಿ. ಎರಡನೇ ದಿನವನ್ನು ಪೂರ್ತಿ ಬಾದಾಮಿಗೆ ಇಡಿ. ನಾವು ಬಾಗಲಕೋಟೆಯವರು. ಮೈಸೂರಿನಿಂದ ಬಂದ ಅಕ್ಕ, ಭಾವ, ಮಕ್ಕಳು, ಜೊತೆಗೆ ಮೊಣಕಾಲು ನೋವಿರುವ ನಮ್ಮ ಅತ್ತೆ, ಎಲ್ಲರನ್ನೂ ಹೀಗೇ ಕರೆದುಕೊಂಡು ಹೋದೆವು.

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ. ಅಲ್ಲಿಂದ ಐಹೊಳೆಗೆ ಇನ್ನೂ 13-14 ಕಿ.ಮೀ. ಬಸ್ಸಿದೆ, ಆದರೆ ಐಹೊಳೆ ಕಡೆ ಕಡಿಮೆ. ಸ್ವಂತ ಗಾಡಿ ಇಲ್ಲದಿದ್ದರೆ ಬಾದಾಮಿಯಲ್ಲೇ ಆಟೋ ಅಥವಾ ಕಾರು ಮಾತಾಡಿಕೊಳ್ಳಿ. ಬಾಡಿಗೆಯ ಜೊತೆಗೆ ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನೂ ಮೊದಲೇ ಹೇಳಿಬಿಡಿ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಎಲ್ಲವನ್ನೂ ನೋಡುವ ಹಟ ಬೇಡ. ಮೊದಲು ದುರ್ಗ ಗುಡಿ. ಇದರ ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗಿದೆ. ಸುತ್ತಲಿನ ಕಂಬಗಳ ಸಾಲಿನಲ್ಲಿ ಒಂದು ಸುತ್ತು ಬನ್ನಿ. ಪಕ್ಕದ ಲಾಡಖಾನ್ ಗುಡಿಯ ಚಾವಣಿ ನೋಡದೆ ಹೋಗಬೇಡಿ. ಇಳಿಜಾರು ಕಲ್ಲುಚಪ್ಪಡಿ, ಅವುಗಳ ಸಂದಿ ಮುಚ್ಚಲು ಮರದ ತೊಲೆಯಂಥ ಕಲ್ಲಿನ ಪಟ್ಟಿ. ಮರದಲ್ಲಿ ಕಟ್ಟಿ ರೂಢಿಯಿದ್ದ ಕೈಗಳು ಕಲ್ಲನ್ನು ಕಲಿಯುತ್ತಿದ್ದದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಅದಕ್ಕೇ ಐಹೊಳೆಯನ್ನು ಮೊದಲು ನೋಡಿ ಅಂತ ನಾನು ಒತ್ತಿ ಹೇಳೋದು. ಇಲ್ಲಿ ಮಾಡಿ ನೋಡಿದ್ದು ಪಟ್ಟದಕಲ್ಲಿನಲ್ಲಿ ಹಣ್ಣಾಗಿದೆ. ಕ್ರಮ ತಿರುವು ಮಾಡಿದರೆ ಆ ಖುಷಿ ಸಿಗೋದಿಲ್ಲ.

ಈ ಆವರಣ ಸಮತಟ್ಟಾಗಿದೆ, ವಯಸ್ಸಾದವರೂ ಆರಾಮವಾಗಿ ಓಡಾಡಬಹುದು. ರಾವಣಫಡಿ ಗುಹೆಯ ನಟರಾಜ ಮತ್ತು ಸಪ್ತಮಾತೃಕೆಯರನ್ನು ಅತ್ತೆಯವರೂ ನೋಡಿದರು. ಮೇಗುತಿ ಬಸದಿಗೆ ಮಾತ್ರ ಮೆಟ್ಟಿಲು ಹತ್ತಬೇಕು. ಬಿಸಿಲೇರುವ ಮುಂಚೆ ಹತ್ತಿ. 634ರಲ್ಲಿ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಶಾಸನ ಇದರ ಹೊರಗೋಡೆಯಲ್ಲಿದೆ. ಕಾಳಿದಾಸ, ಭಾರವಿ ಇಬ್ಬರ ಹೆಸರೂ ಅದರಲ್ಲಿವೆ. ಶಾಲೆಯ ಪಾಠದಲ್ಲಿ ಓದಿದ್ದ ಆ ಕಲ್ಲಿನ ಮುಂದೆ ನಿಂತಾಗ ಅಕ್ಕನ ಮಗಳು ಒಂದೊಂದೇ ಅಕ್ಷರದ ಮೇಲೆ ಕಣ್ಣಾಡಿಸುತ್ತಾ ಬಹಳ ಹೊತ್ತು ಅಲ್ಲೇ ಇದ್ದಳು.

ಪಟ್ಟದಕಲ್ಲಿಗೆ ಮೂರು, ಮೂರೂವರೆಗೆಲ್ಲ ಬನ್ನಿ. ಬಿಸಿಲು ಇಳಿದಿರುತ್ತದೆ, ಗೇಟು ಮುಚ್ಚುವ ಮುನ್ನ ನಿಧಾನವಾಗಿ ನೋಡಲು ಸಮಯವೂ ಇರುತ್ತದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಇದು. ಉತ್ತರದ ನಾಗರ ಶೈಲಿಯ ಗಳಗನಾಥ, ದಕ್ಷಿಣದ ದ್ರಾವಿಡ ಶೈಲಿಯ ಸಂಗಮೇಶ್ವರ ಒಂದೇ ಆವರಣದಲ್ಲಿವೆ. ಸಮಯವೆಲ್ಲ ಕೊಡಬೇಕಾದದ್ದು ವಿರೂಪಾಕ್ಷನಿಗೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. 642ರಲ್ಲಿ ಕಂಚಿಯ ಪಲ್ಲವರು ಚಾಲುಕ್ಯರ ರಾಜಧಾನಿ ಬಾದಾಮಿಯನ್ನೇ ಹಿಡಿದಿದ್ದರು. ಸುಮಾರು ನೂರು ವರ್ಷದ ಮೇಲೆ ಕಂಚಿ ಗೆದ್ದ ವಿಕ್ರಮಾದಿತ್ಯ ಅಲ್ಲಿನ ಕೈಲಾಸನಾಥ ದೇವಸ್ಥಾನದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಕನ್ನಡದಲ್ಲೇ ಶಾಸನ ಬರೆಸಿದ. ಇದನ್ನು ಮಕ್ಕಳಿಗೆ ಹೇಳಲೇಬೇಕು, ಅಲ್ವಾ?

ವಿರೂಪಾಕ್ಷ ಗುಡಿಯ ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳಿವೆ. ಒಳಗೆ ಬೆಳಕು ಕಡಿಮೆ, ಟಾರ್ಚ್ ಬೇಕು. ಪೂಜೆ ಈಗಲೂ ನಡೆಯುತ್ತದೆ, ಚಪ್ಪಲಿ ಹೊರಗೇ ಬಿಡಬೇಕು. ಕಲ್ಲು ಕಾದಿರುತ್ತದೆ, ಸಾಕ್ಸ್ ಇರಲಿ. ಗುಡಿ ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರೂ ಇಲ್ಲಿನ ಶಾಸನದಲ್ಲಿದೆ. ಪಾಪನಾಥ ಗುಡಿ ಸ್ವಲ್ಪ ದೂರದಲ್ಲಿದೆ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಮಳೆಗಾಲದಲ್ಲಿ ಮಲಪ್ರಭೆ ಉಕ್ಕಿದರೆ ಇಲ್ಲಿ ನೀರು ನುಗ್ಗುತ್ತದೆ, 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ನಮ್ಮ ಕಡೆಯ ಬಿಸಿಲು ಹೊಸಬರಿಗೆ ತಡೆಯೋದಿಲ್ಲ.

ಬಾದಾಮಿಯ ಗುಹೆಗಳಿಗೆ ಬೆಳಿಗ್ಗೆಯೇ ಹೋಗಿ. ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಚೀಲ ಬೇಡ, ಮಂಗಗಳು ಕಿತ್ತುಕೊಳ್ಳುತ್ತವೆ. ಹದಿನೆಂಟು ಕೈಗಳ ನಟರಾಜ ಮೊದಲ ಗುಹೆಯಲ್ಲೇ ಇದ್ದಾನೆ. ಹೆಚ್ಚು ಮೆಟ್ಟಿಲು ಹತ್ತಲಾಗದವರು ಅಷ್ಟನ್ನು ನೋಡಿದರೂ ಸಾರ್ಥಕ. ಮೂರನೆಯದು ದೊಡ್ಡದು, 578ರ ಶಾಸನ ಇರುವುದು ಅಲ್ಲೇ. ನಾಲ್ಕನೆಯದು ಜೈನರದು. ನಾವು ಮೇಲೆ ಹತ್ತಿದಾಗ ಅತ್ತೆ ಕೆಳಗೆ ಕೂತಿದ್ದರು. ಸಂಜೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಗೆ ಅವರೂ ನಡೆದು ಬಂದರು. ಆ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಫೋಟೋಗೆ ಸಂಜೆಯೇ ಸರಿ. ಮ್ಯೂಸಿಯಮ್‌ಗೆ ಶುಕ್ರವಾರ ರಜೆ, ಐಹೊಳೆಯದಕ್ಕೂ ಅಷ್ಟೇ.

ಮಧ್ಯಾಹ್ನದ ಊಟಕ್ಕೆ ಸುಮಾರು 5 ಕಿ.ಮೀ. ದೂರದ ಬನಶಂಕರಿಗೆ ಹೋಗಿ. ದೇವಿಯ ದರ್ಶನವೂ ಆಗುತ್ತದೆ. ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಗಟ್ಟಿ ಮೊಸರು ಸಿಗುತ್ತದೆ. "ಇನ್ನೊಂದ್ ರೊಟ್ಟಿ ಹಾಕ್ಲೇನ್ರೀ ಅಕ್ಕಾರ?" ಅಂತ ಕೇಳಿದರೆ ಬೇಡ ಅನ್ನಲು ಮನಸ್ಸು ಬರೋದಿಲ್ಲ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ. ನಾಟಕ ಕಂಪನಿಗಳು ವಾರಗಟ್ಟಲೆ ಟೆಂಟ್ ಹಾಕುತ್ತವೆ. ಆಗ ಬರುವುದಾದರೆ ರೂಮು ಮೊದಲೇ ಹಿಡಿದಿಡಿ.

ರೈಲಿನಲ್ಲಿ ಬರುವವರು ಗಮನಿಸಿ, ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ. ರಾತ್ರಿ ಇಳಿಯುವುದಾದರೆ ಗಾಡಿಗೆ ಹೇಳಿಟ್ಟಿರಿ.

ಮೂರನೇ ದಿನ ಕೈಯಲ್ಲಿದ್ದರೆ ಅಮೀನಗಡ, ಹುನಗುಂದದ ದಾರಿ ಹಿಡಿಯಿರಿ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಿ. ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವಿದೆ. ಆಮೇಲೆ ಇಳಕಲ್. ಅಲ್ಲಿ ಸೀರೆ ಕೊಳ್ಳುವಾಗ ಸೆರಗು ಒಡಲಿಗೆ ಸೇರುವ ಜಾಗವನ್ನು ಮುಟ್ಟಿ ನೋಡಿ. ಅಪ್ಪಟ ಕೈಮಗ್ಗದ ಸೀರೆಯಲ್ಲಿ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಬೆಲೆ ಜಾಸ್ತಿ ಅನಿಸಿದರೂ ಅದನ್ನೇ ಕೊಳ್ಳಿ.