ತೂಕಕ್ಕೆ ಮೊದಲು ಮುದ್ರೆ

ಇಂಗ್ಲಿಷ್ ಬೆಳ್ಳಿಯ ಸಣ್ಣ ಡಬ್ಬಿಗಳನ್ನೂ ಚಮಚೆಗಳನ್ನೂ ಸಂಗ್ರಹಿಸುವ ಹವ್ಯಾಸಕ್ಕೆ ಧಾರವಾಡದಲ್ಲಿ ಏನು ಕೆಲಸ ಎಂದು ಹಲವರು ಕೇಳುತ್ತಾರೆ. ಈಗ ಕರ್ನಾಟಕ ಕಾಲೇಜು ಇರುವ ಕಟ್ಟಡವೇ ಒಂದು ಕಾಲಕ್ಕೆ ದಕ್ಷಿಣ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯಾಗಿತ್ತು. ರೈಲ್ವೆ ಸಾಹೇಬರೂ ಕಲೆಕ್ಟರ್ ಕಚೇರಿಯ ಅಧಿಕಾರಿಗಳೂ ಇಲ್ಲಿ ಸಂಸಾರ ಹೂಡಿದ್ದರು. ಅಂಥವರ ಮನೆಯ ಸಾಮಾನು ಒಂದಷ್ಟು ಈ ಊರುಗಳಲ್ಲೇ ಉಳಿದಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಅವು ಹೊರಗೆ ಬಂದಾಗ ಹೋಗುವುದು ಬಹುತೇಕ ತಕ್ಕಡಿಗೆ, ಅಲ್ಲಿಂದ ಮೂಸೆಗೆ. ನನಗೆ ನೋವಾಗುವುದು ಇದಕ್ಕೇ. ಆದ್ದರಿಂದ ಹುಬ್ಬಳ್ಳಿಯಲ್ಲಿ ಪರಿಚಯದ ಸರಾಫರೊಬ್ಬರಿಗೆ, ಸಿಂಹದ ಮುದ್ರೆಯ ಸಾಮಾನು ಬಂದರೆ ಕರಗಿಸುವ ಮೊದಲು ಒಂದು ಫೋನ್ ಮಾಡಬೇಕೆಂದು ಕೇಳಿಕೊಂಡಿದ್ದೇನೆ.

ನಡೆಯುತ್ತಿರುವ ಭಂಗಿಯ ಆ ಸಿಂಹ 1544ರಿಂದ ಇಂಗ್ಲೆಂಡಿನ ಬೆಳ್ಳಿಯ ಮೇಲಿದೆ. ನೂರರಲ್ಲಿ 92.5 ಪಾಲು ಶುದ್ಧ ಬೆಳ್ಳಿ ಎಂಬುದಕ್ಕೆ ಅದು ಸಾಕ್ಷಿ. ಪಕ್ಕದಲ್ಲಿ ಪರೀಕ್ಷೆ ನಡೆದ ಊರಿನ ಗುರುತು ಇರುತ್ತದೆ: ಲಂಡನ್ನಿಗೆ ಚಿರತೆಯ ತಲೆ, 1773ರಲ್ಲಿ ಪರೀಕ್ಷಾ ಕಚೇರಿ ಪಡೆದ ಬರ್ಮಿಂಗ್‌ಹ್ಯಾಮಿಗೆ ಲಂಗರು, ಅದೇ ವರ್ಷ ಕಚೇರಿ ಪಡೆದ ಶೆಫೀಲ್ಡಿಗೆ ಆಗ ಕಿರೀಟ. ಇವುಗಳ ಜೊತೆಗೆ ಮಾಡಿದವನ ಹೆಸರಿನ ಮೊದಲಕ್ಷರಗಳೂ ವರ್ಷ ಸೂಚಿಸುವ ಒಂದು ಅಕ್ಷರವೂ ಸೇರುತ್ತವೆ. 1784ರಿಂದ 1890ರವರೆಗೆ, ಸುಂಕ ಕಟ್ಟಿದ್ದಕ್ಕೆ ಗುರುತಾಗಿ ರಾಜನ ಅಥವಾ ರಾಣಿಯ ತಲೆಯನ್ನೂ ಒತ್ತುತ್ತಿದ್ದರು.

ನನ್ನ ಬಳಿ ಇರುವ ವಸ್ತುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದಾದ ಒಂದು ವಿನೆಗ್ರೆಟ್. ಕೊಳಚೆಯ ಬೀದಿಗಳಲ್ಲಿ ಓಡಾಡುವಾಗ ಮೂಗಿಗೆ ಹಿಡಿಯಲೆಂದು, ಸುಗಂಧ ಬೆರೆಸಿದ ವಿನೆಗರಿನಲ್ಲಿ ಅದ್ದಿದ ಸ್ಪಂಜಿನ ತುಣುಕನ್ನು ಇಂಥ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮುಚ್ಚಳ ತೆರೆದರೆ ಒಳಗೆ ಇನ್ನೊಂದು ಪುಟ್ಟ ಜಾಲರಿ, ಅದಕ್ಕೂ ತನ್ನದೇ ಕೀಲು. ಬಳ್ಳಿಯ ಆಕಾರದಲ್ಲಿ ಕೊರೆದ ಆ ಜಾಲರಿಯ ಸಂದುಗಳಲ್ಲಿ ಗರಗಸ ಆಡಿದ ಗೆರೆಗಳು ಭೂತಗನ್ನಡಿಗೆ ಇಂದಿಗೂ ಕಾಣುತ್ತವೆ. ಹುಳಿ ತಾಗಿ ಬೆಳ್ಳಿ ಕೆಡಬಾರದೆಂದು ಒಳಭಾಗಕ್ಕೆಲ್ಲ ಚಿನ್ನದ ಲೇಪ ಕೊಟ್ಟಿದ್ದಾರೆ. ನನ್ನದರಲ್ಲಿ ವರ್ಷದ ಅಕ್ಷರ ಸವೆದುಹೋಗಿದೆ, ಆದರೆ ಲಂಗರೂ ರಾಣಿಯ ತಲೆಯೂ ಸ್ಪಷ್ಟವಾಗಿವೆ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ಸುಂಕದ ಮುದ್ರೆ ನಿಂತದ್ದು 1890ರಲ್ಲಿ. ಇಷ್ಟರಿಂದಲೇ ಅದರ ಊರೂ ಕಾಲವೂ ಗೊತ್ತಾಗುತ್ತವೆ. ಇಂಥ ಡಬ್ಬಿಗಳಲ್ಲಿ ಬರ್ಮಿಂಗ್‌ಹ್ಯಾಮಿನ ನಥಾನಿಯಲ್ ಮಿಲ್ಸ್ ಮಾಡಿದ, ಮುಚ್ಚಳದ ಮೇಲೆ ವಿಂಡ್ಸರ್ ಅಥವಾ ವಾರಿಕ್ ಕೋಟೆ ಉಬ್ಬಿ ನಿಂತ ಡಬ್ಬಿಗಳಿಗೆ ಬಹಳ ಬೇಡಿಕೆಯಿದೆ. ಅವುಗಳ ಬೆಲೆಗೂ ಬೆಳ್ಳಿಯ ತೂಕಕ್ಕೂ ಸಂಬಂಧವೇ ಇಲ್ಲ.

ಚಮಚೆಗಳನ್ನು ನೋಡುವ ಕ್ರಮ ಬೇರೆ. ಸುಮಾರು 1780ಕ್ಕೆ ಮುಂಚಿನ ಚಮಚೆಗಳಲ್ಲಿ ಮುದ್ರೆಗಳು ಬಟ್ಟಲಿನ ಸಮೀಪದಲ್ಲಿರುತ್ತವೆ, ಆಮೇಲಿನವುಗಳಲ್ಲಿ ಹಿಡಿಯ ತುದಿಯ ಕಡೆಗೆ ಸರಿದಿರುತ್ತವೆ. ಬಲಗೈಯವರು ತಲೆಮಾರುಗಟ್ಟಲೆ ಬಳಸಿದ ಚಮಚೆಯ ಬಟ್ಟಲು ಎಡಭಾಗದ ತುದಿಯಲ್ಲಿ ಸವೆದಿರುತ್ತದೆ. ಹಳೆಯ ಒಡೆಯರ ಹೆಸರು ಅಳಿಸಿದ ಜಾಗ ಬೆರಳಿಗೆ ತೆಳುವಾಗಿ ಸಿಗುತ್ತದೆ. ಬೆಸುಗೆ ಹಾಕಿದ್ದರೆ, ಬಾಯಿಯ ಬಿಸಿ ಉಸಿರು ಬಿಟ್ಟಾಗ ಆ ಗೆರೆ ಕ್ಷಣಮಾತ್ರ ಎದ್ದು ಕಾಣುತ್ತದೆ. ಈ ಪರೀಕ್ಷೆಗೆ ಖರ್ಚಿಲ್ಲ, ಕೊಳ್ಳುವ ಮೊದಲು ತಪ್ಪದೆ ಮಾಡಬೇಕು. ಇ.ಪಿ.ಎನ್.ಎಸ್. ಎಂಬ ಅಕ್ಷರಗಳಿದ್ದರೆ ಅದು ಜರ್ಮನ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಕೊಟ್ಟ ಬೆಳ್ಳಿಯ ಲೇಪ, ಅಷ್ಟೇ.

ನಮ್ಮ ಕಡೆಯ ಪತ್ತಾರರು ಮಾಡಿದ ಹಳೆಯ ಬೆಳ್ಳಿಯ ಕರಡಿಗೆಗಳು ಕೈಕೆಲಸದಲ್ಲಿ ಈ ಡಬ್ಬಿಗಳಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಮುಚ್ಚಳ ಕೂರುವ ಬಿಗಿಯನ್ನು ನೋಡಿದರೆ ಕೆಲವು ಮೇಲೇ ಎನ್ನಬೇಕು. ನಾನು ನೋಡಿದ ಕರಡಿಗೆಗಳಲ್ಲಿ ಮಾಡಿದವರ ಹೆಸರಾಗಲಿ ವರ್ಷವಾಗಲಿ ಇಲ್ಲ. ಹೆಸರು ಉಳಿದಿರುವ ವಸ್ತುವನ್ನಾದರೂ ಕರಗಿಸದೆ ಕಾಪಾಡಬೇಕೆಂಬ ನನ್ನ ಹಟಕ್ಕೆ ಅದೂ ಒಂದು ಕಾರಣ.

ಮನೆಯಲ್ಲಿ ಇಂಥದ್ದೇನಾದರೂ ಇರುವವರಲ್ಲಿ ಒಂದು ವಿನಂತಿ. ರಂಗೋಲಿ ಪುಡಿ, ಹಲ್ಲುಪುಡಿಗಳಿಂದ ತಿಕ್ಕಬೇಡಿ. ಪ್ರತಿ ಸಲ ತಿಕ್ಕಿದಾಗಲೂ ಮುದ್ರೆ ಒಂದಿಷ್ಟು ಸವೆಯುತ್ತದೆ, ಚಿನ್ನದ ಲೇಪವಂತೂ ಬೇಗ ಹೋಗಿಬಿಡುತ್ತದೆ. ಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಹತ್ತಿಬಟ್ಟೆ ಸಾಕು. ಚಮಚೆಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಡಬೇಡಿ, ಅದರಲ್ಲಿರುವ ಗಂಧಕ ಬೆಳ್ಳಿಯ ಮೇಲೆ ಕಪ್ಪು ಪಟ್ಟೆ ಬಿಡುತ್ತದೆ. ಕೆತ್ತನೆಯ ಸಂದಿನಲ್ಲಿ ಕೂತ ಹಳೆಯ ಕಪ್ಪನ್ನು ಹಾಗೆಯೇ ಬಿಡಿ, ಕೆತ್ತನೆ ಎದ್ದು ಕಾಣುವುದು ಅದರಿಂದಲೇ.